ಆಕ್ಟೇವ್ ಬ್ಯಾಂಡ್ ಗ್ರಾಫ್ ವಿಚಿತ್ರವಾಗಿ ಬಂದರೆ: ಇಕ್ಯೂ ಮುಟ್ಟುವ ಮೊದಲಿನ ತಪಾಸಣೆ

ಖಾಲಿ ಫಂಕ್ಷನ್ ಹಾಲ್. ಬಾಕ್ಸ್‌ಗಳಿಗೆ ಪಿಂಕ್ ನಾಯ್ಸ್ (ಪ್ರತಿ ಆಕ್ಟೇವ್‌ನಲ್ಲೂ ಒಂದೇ ಶಕ್ತಿ ಇರುವ ಪರೀಕ್ಷೆಯ ಸದ್ದು) ಬಿಟ್ಟಿದ್ದೀರಿ, ಸ್ಟ್ಯಾಂಡಿನ ಮೇಲೆ ಮೈಕ್ ಇದೆ, ಲ್ಯಾಪ್‌ಟಾಪಿನಲ್ಲಿ ಹತ್ತು ಕಂಬಗಳು ಕುಣಿಯುತ್ತಿವೆ. 63 ಹರ್ಟ್ಸಿನ ಕಂಬ ತಾರಸಿ ಮುಟ್ಟಿದೆ, 125ರದ್ದು ಕುಸಿದಿದೆ, 8,000 ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಇಂಥ ಗ್ರಾಫ್ ಕಂಡ ಕೂಡಲೇ ಕೈ ಹೋಗುವುದು ಇಕ್ವಲೈಸರ್ ಅಂದರೆ ಇಕ್ಯೂ ಕಡೆಗೆ. ಏರಿದ್ದನ್ನು ಇಳಿಸು, ಇಳಿದದ್ದನ್ನು ಏರಿಸು. ಹತ್ತು ನಿಮಿಷದಲ್ಲಿ ಗ್ರಾಫ್ ಸಪಾಟಾಗುತ್ತದೆ, ಮಾತು ಮಾತ್ರ ಮೊದಲಿಗಿಂತ ಕೆಟ್ಟದಾಗಿ ಕೇಳುತ್ತದೆ.

ಕಲಬುರಗಿ, ಬೀದರ, ಯಾದಗಿರಿ ಕಡೆ ಹಾಲ್, ಗುಡಿ, ಕಾಲೇಜು ಸಭಾಂಗಣಗಳಲ್ಲಿ ಸೌಂಡ್ ಅಳೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕಂಡಂತೆ ವಿಚಿತ್ರ ಗ್ರಾಫುಗಳಲ್ಲಿ ಜಾಸ್ತಿ ಪಾಲು ಅಳತೆಯ ಎಡವಟ್ಟೇ. ಬಾಕ್ಸ್ ಕೆಟ್ಟಿರುವುದು ಅದಕ್ಕಿಂತ ಕಡಿಮೆ. ಹಾಲ್ ಕೆಟ್ಟಿರುವುದು ನಿಜ, ಆದರೆ ಅದು ಇಕ್ಯೂನಿಂದ ಸರಿಹೋಗುವಂಥದ್ದಲ್ಲ. ಹಾಗಾಗಿ ತಪಾಸಣೆ ಲ್ಯಾಪ್‌ಟಾಪಿನಿಂದ ಶುರುವಾಗಿ ಮೈಕ್, ಸುತ್ತಲಿನ ಸದ್ದು, ಮೈಕ್ ಇಟ್ಟ ಜಾಗ, ಬಾಕ್ಸ್, ಕೊನೆಗೆ ಹಾಲ್ ಅಂತ ಹೋಗಬೇಕು. ಈ ಕ್ರಮ ತಲೆಕೆಳಗಾದರೆ ಇಡೀ ದಿನ ಸುಮ್ನೆ ಹಾಳು.

ಕಂಬಗಳ ಬಗ್ಗೆ ಎರಡು ಮಾತು

ಆಕ್ಟೇವ್ ಬ್ಯಾಂಡ್ ಅಂದರೆ ಮೇಲಿನ ಅಂಚು ಕೆಳಗಿನ ಅಂಚಿನ ಎರಡರಷ್ಟು ಇರುವ ಪಟ್ಟಿ. 1,000 ಹರ್ಟ್ಸಿನ ಬ್ಯಾಂಡ್ ಸುಮಾರು 707ರಿಂದ 1,414ರವರೆಗೆ. 125ರದ್ದು 88ರಿಂದ 177. 63ರದ್ದು 44ರಿಂದ 88. ಈ ಅಂಚುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಕೆಳಗಿನ ಬ್ಯಾಂಡ್‌ಗಳು ಕಿರಿದು, ಮೇಲಿನವು ಅಗಲ. ಇಷ್ಟು ಗೊತ್ತಿದ್ದರೆ ಅರ್ಧ ದೋಷಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಪ್ರತಿ ಆಕ್ಟೇವನ್ನು ಮೂರು ಭಾಗ ಮಾಡಿದರೆ ಮೂರನೇ ಒಂದು ಆಕ್ಟೇವ್ ಗ್ರಾಫ್, ಮೂವತ್ತೊಂದು ಕಂಬ. ಇಲ್ಲೇ ಮೊದಲ ಗೊಂದಲ ಹುಟ್ಟುತ್ತದೆ. ನಿನ್ನೆ 70 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ತೋರಿಸುತ್ತಿದ್ದದ್ದು ಇವತ್ತು 75 ತೋರಿಸುತ್ತಿದೆ, ಯಾರು ವಾಲ್ಯೂಮ್ ಜಾಸ್ತಿ ಮಾಡಿದರು? ಯಾರೂ ಮಾಡಿಲ್ಲ. 70 ಡಿಬಿಯ ಮೂರು ಸಣ್ಣ ಬ್ಯಾಂಡ್ ಕೂಡಿದರೆ ಒಂದು ಆಕ್ಟೇವ್‌ನಲ್ಲಿ 74.8 ಬರುತ್ತದೆ. ನಿನ್ನೆ ಒಂದು ಸೆಟ್ಟಿಂಗ್, ಇವತ್ತು ಇನ್ನೊಂದು. ಅಷ್ಟೇ.

ಕೇಬಲ್ ಸುತ್ತು ಹಾಕಿ

ಮೈಕ್ ಬಿಚ್ಚಿ. ಸೌಂಡ್ ಕಾರ್ಡಿನ ಔಟ್‌ಪುಟ್ಟಿನಿಂದ ಒಂದು ಕೇಬಲನ್ನು ನೇರವಾಗಿ ಅದರ ಲೈನ್ ಇನ್‌ಪುಟ್ಟಿಗೇ ಕೊಡಿ. ಮೊದಲು ಮೈಕಿಗೆ ಹೋಗುವ 48 ವೋಲ್ಟ್ ಫ್ಯಾಂಟಮ್ ಪವರ್ ಬಂದ್ ಮಾಡಿ. ಆಂಪ್ಲಿಫೈಯರಿನ ಸ್ಪೀಕರ್ ಔಟ್ ಮಾತ್ರ ಯಾವ ಕಾರಣಕ್ಕೂ ಇಲ್ಲಿಗೆ ಹಚ್ಚಬೇಡಿ, ಕಾರ್ಡ್ ಸುಟ್ಟುಹೋಗುತ್ತದೆ. ಈಗ ಪಿಂಕ್ ನಾಯ್ಸ್ ಬಿಡಿ. ಹಾಲ್ ಇಲ್ಲ, ಬಾಕ್ಸ್ ಇಲ್ಲ, ಮೈಕ್ ಇಲ್ಲ. ಹಾಗಾಗಿ ಎಲ್ಲ ಕಂಬಗಳೂ ಒಂದೇ ಎತ್ತರಕ್ಕೆ ನಿಲ್ಲಬೇಕು. ನಿಲ್ಲಲಿಲ್ಲ ಅಂದರೆ ದೋಷ ಲ್ಯಾಪ್‌ಟಾಪಿನಲ್ಲೇ ಇದೆ. ಯಾವ ಆಕಾರದಲ್ಲಿ ಓರೆಯಾಗಿದೆ ಅನ್ನುವುದರ ಮೇಲೆ ಕಾರಣ ಹೇಳಬಹುದು.

ಎಡದಿಂದ ಬಲಕ್ಕೆ ಪ್ರತಿ ಆಕ್ಟೇವ್‌ಗೆ ಸರಿಯಾಗಿ 3 ಡಿಬಿ ಏರುತ್ತಿದೆಯೇ? ನೀವು ಬಿಟ್ಟದ್ದು ಪಿಂಕ್ ಅಲ್ಲ, ವೈಟ್ ನಾಯ್ಸ್. ವೈಟ್ ನಾಯ್ಸಿನಲ್ಲಿ ಪ್ರತಿ ಹರ್ಟ್ಸಿಗೂ ಒಂದೇ ಶಕ್ತಿ. ಮುಂದಿನ ಬ್ಯಾಂಡ್ ಎರಡು ಪಟ್ಟು ಅಗಲ, ಆದ್ದರಿಂದ ಶಕ್ತಿಯೂ ಎರಡು ಪಟ್ಟು, ಅಂದರೆ 3 ಡಿಬಿ ಹೆಚ್ಚು. 125ರಿಂದ 8,000ಕ್ಕೆ ಆರು ಹೆಜ್ಜೆ, ಒಟ್ಟು 18 ಡಿಬಿ ಏರಿಕೆ. ಇದನ್ನು ನೋಡಿ 'ಟ್ರೆಬಲ್ ಜಾಸ್ತಿ ಆಗಿದೆ' ಅಂತ ಕಡಿದುಹಾಕಿದವರ ಹಾಲಿನಲ್ಲಿ ಭಾಷಣ ಕೇಳಿ ನೋಡಿ, ಭಾಷಣಕಾರರು ಬಾಯಿಗೆ ಕಂಬಳಿ ಕಟ್ಟಿಕೊಂಡು ಮಾತಾಡಿದ ಹಾಗಿರುತ್ತದೆ. ತಿರುಗಾ ಮುರುಗಾ ಕೂಡ ಆಗುತ್ತದೆ. ಪಿಂಕ್ ನಾಯ್ಸ್ ಬಿಟ್ಟು ಆಕ್ಟೇವ್ ಬದಲು ಸಾದಾ ಎಫ್‌ಎಫ್‌ಟಿ ಗ್ರಾಫ್ (ಸದ್ದನ್ನು ಸಮ ಅಂತರದ ಸಣ್ಣ ಗೆರೆಗಳಾಗಿ ಒಡೆದು ತೋರಿಸುವುದು) ನೋಡಿದರೆ ಅದು ಆಕ್ಟೇವ್‌ಗೆ 3 ಡಿಬಿ ಇಳಿಯುತ್ತಾ ಹೋಗುತ್ತದೆ. ಎರಡೂ ದೋಷವಲ್ಲ, ಜೋಡಿ ತಪ್ಪಿದ್ದು.

ಮೇಲೆಲ್ಲ ಸರಿಯಿದ್ದು 31.5 ಮತ್ತು 63 ಮಾತ್ರ ಹುಚ್ಚುಹುಚ್ಚಾಗಿ ಇವೆಯೇ? ಎಫ್‌ಎಫ್‌ಟಿ ಉದ್ದ, ಅಂದರೆ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ ತೆಗೆದುಕೊಳ್ಳುತ್ತಿದೆ ಅಂತ ನೋಡಿ. ಬಹಳಷ್ಟು ಸಾಫ್ಟ್‌ವೇರ್‌ಗಳು ನಿಜವಾದ ಆಕ್ಟೇವ್ ಫಿಲ್ಟರ್ ಬಳಸುವುದಿಲ್ಲ. ಎಫ್‌ಎಫ್‌ಟಿ ಮಾಡಿ, ಸಿಕ್ಕ ಗೆರೆಗಳನ್ನು ಬ್ಯಾಂಡ್ ಬ್ಯಾಂಡಾಗಿ ಕೂಡಿಸುತ್ತವೆ. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ ಎಫ್‌ಎಫ್‌ಟಿ ಉದ್ದ 4,096 ಇಟ್ಟರೆ ಗೆರೆಯಿಂದ ಗೆರೆಗೆ 11.7 ಹರ್ಟ್ಸ್ ಅಂತರ. 31.5ರ ಆಕ್ಟೇವ್ ಇರುವುದೇ 22 ಹರ್ಟ್ಸ್ ಅಗಲ, ಅದರಲ್ಲಿ ಎರಡೇ ಗೆರೆ ಹಿಡಿಸುತ್ತವೆ. 25 ಹರ್ಟ್ಸಿನ ಮೂರನೇ ಒಂದು ಆಕ್ಟೇವ್ 6 ಹರ್ಟ್ಸೂ ಅಗಲವಿಲ್ಲ, ಅಲ್ಲಿ ಒಂದು ಗೆರೆಯೂ ಪೂರ್ತಿ ಹಿಡಿಸದು. ಅಲ್ಲಿ ಕಾಣುವ ಕಂಬ ಬರೀ ಊಹೆ. ಉದ್ದವನ್ನು 65,536ಕ್ಕೆ ಏರಿಸಿ, ಅಂತರ 0.73 ಹರ್ಟ್ಸಿಗೆ ಬರುತ್ತದೆ. ಗ್ರಾಫ್ ನಿಧಾನವಾಗುತ್ತದೆ, ಆಗಲಿ.

16,000ದ ಕಂಬ ಮಾತ್ರ ಒಂದು ಚೂರು ಕುಳ್ಳಗಿದ್ದರೆ ಸ್ಯಾಂಪಲ್ ದರ 44,100 ಇದೆಯೇ ನೋಡಿ. ಆ ಬ್ಯಾಂಡಿನ ಮೇಲಂಚು ಸುಮಾರು 22,400 ಹರ್ಟ್ಸ್. 44,100ರ ದರದಲ್ಲಿ ಹಿಡಿಯಲು ಆಗುವುದೇ 22,050ರವರೆಗೆ, ಅದರಲ್ಲೂ ಕೊನೆಯ ಭಾಗವನ್ನು ಕಾರ್ಡಿನ ಫಿಲ್ಟರ್ ಕತ್ತರಿಸಿರುತ್ತದೆ. 48,000ಕ್ಕೆ ಬದಲಿಸಿ, ಪ್ಲೇ ಮತ್ತು ರೆಕಾರ್ಡ್ ಎರಡೂ ಕಡೆ.

ನಾಯ್ಸ್ ಬಿಟ್ಟ ಮೇಲೆ ಕೆಲವು ಸೆಕೆಂಡ್ ಎಲ್ಲ ಚೆನ್ನಾಗಿದ್ದು, ಆಮೇಲೆ ಕಂಬಗಳು ತಾವಾಗಿಯೇ ಕುಗ್ಗತೊಡಗಿದರೆ ಆಪರೇಟಿಂಗ್ ಸಿಸ್ಟಮ್ ತನ್ನ ಜಾಣತನ ತೋರಿಸುತ್ತಿದೆ. ವಿಡಿಯೋ ಕಾಲ್‌ಗೆ ಅಂತ ಇಟ್ಟಿರುವ ನಾಯ್ಸ್ ಸಪ್ರೆಶನ್ ಒಂದೇ ಸಮ ಬರುವ ಸದ್ದನ್ನು ಕಸ ಅಂತ ತಿಳಿದು ಒರೆಸಿಹಾಕುತ್ತದೆ. ಪಿಂಕ್ ನಾಯ್ಸಿಗಿಂತ ಒಂದೇ ಸಮವಾದ ಸದ್ದು ಇನ್ಯಾವುದಿದೆ ಅಲ್ವಾ? ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಎನ್‌ಹ್ಯಾನ್ಸ್‌ಮೆಂಟ್ ಅಂತ ಇರುವುದನ್ನೆಲ್ಲ ಬಂದ್ ಮಾಡಿ.

ಮೈಕ್ ಮತ್ತು ವೇಟಿಂಗ್

ಕೇಬಲ್ ಸುತ್ತು ಸಪಾಟಾಗಿ ಬಂತು. ಈಗ ಮೈಕ್ ಹಚ್ಚಿ, ಕ್ಯಾಲಿಬ್ರೇಟರ್ (ಗೊತ್ತಾದ ಮಟ್ಟದ ಸದ್ದು ಕೊಡುವ ಸಾಧನ) ಕೂರಿಸಿ. 1,000 ಹರ್ಟ್ಸಿನಲ್ಲಿ 94 ಡಿಬಿ ಬರಬೇಕು. ಅದು 1 ಪಾಸ್ಕಲ್ ಒತ್ತಡ. ಗ್ರಾಫಿನಲ್ಲಿ 1,000ದ ಕಂಬ ಒಂದೇ ಎದ್ದು ನಿಲ್ಲಬೇಕು, ಪಕ್ಕದ 500 ಮತ್ತು 2,000 ಬಹಳ ಕೆಳಗಿರಬೇಕು. ಎಷ್ಟು ಕೆಳಗೆ ಅನ್ನುವುದು ಫಿಲ್ಟರಿನ ಮೇಲೆ ಹೋಗುತ್ತದೆ. 2,000ವೂ ತಲೆಯೆತ್ತಿದರೆ ಇನ್‌ಪುಟ್ ಗೇನ್ ಜಾಸ್ತಿಯಾಗಿ ಕ್ಲಿಪ್ ಆಗುತ್ತಿದೆ (ಅಲೆಯ ತುದಿ ಕತ್ತರಿಸಿಹೋಗುತ್ತಿದೆ), ಇಲ್ಲವೇ ಮೈಕ್ ಕ್ಯಾಲಿಬ್ರೇಟರ್ ಒಳಗೆ ಸರಿಯಾಗಿ ಕೂತಿಲ್ಲ. ಕಾಲಿಂಚಿನ ಮೈಕನ್ನು ಅಡಾಪ್ಟರ್ ಇಲ್ಲದೆ ಅರ್ಧ ಇಂಚಿನ ತೂತಿಗೆ ತುರುಕಿದರೆ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ.

ಆದರೆ ಕ್ಯಾಲಿಬ್ರೇಟರ್ ಹಿಡಿಯಲಾಗದ ಒಂದು ದೋಷ ಇದೆ. ಜನ ಜಾಸ್ತಿ ಬೀಳುವುದು ಇದೇ ಗುಂಡಿಗೆ. ಮೀಟರ್ ಎ-ವೇಟಿಂಗ್‌ನಲ್ಲಿ ಉಳಿದುಬಿಟ್ಟಿರುತ್ತದೆ. ಎ-ವೇಟಿಂಗ್ ಅಂದರೆ ಕಿವಿ ಕೇಳುವ ರೀತಿಗೆ ತಕ್ಕಂತೆ ಬ್ಯಾಂಡ್‌ಗಳನ್ನು ಏರಿಸಿ ಇಳಿಸುವ ಸೆಟ್ಟಿಂಗ್, 1,000 ಹರ್ಟ್ಸಿನಲ್ಲಿ ಅದು ಸೊನ್ನೆ ಡಿಬಿ. ಹಾಗಾಗಿ ಕ್ಯಾಲಿಬ್ರೇಟರ್ 94.0 ಅಂತಲೇ ತೋರಿಸುತ್ತದೆ, ನೀವು ಖುಷಿಯಿಂದ ಮುಂದೆ ಹೋಗುತ್ತೀರಿ. ಕೆಳಗಿನ ಬ್ಯಾಂಡ್‌ಗಳಲ್ಲಿ ಮಾತ್ರ ಬೇಸ್ ಕಾಣೆ. 500ಕ್ಕೆ 3.2 ಡಿಬಿ ಕಡಿತ, 250ಕ್ಕೆ 8.6, 125ಕ್ಕೆ 16.1, 63ಕ್ಕೆ 26.2. ಮೇಲ್ಗಡೆ 2,000 ಮತ್ತು 4,000ದಲ್ಲಿ ಸುಮಾರು 1 ಡಿಬಿ ಏರಿಕೆ, 8,000ದಲ್ಲಿ 1.1 ಇಳಿಕೆ. ಬೇಸ್ ಇಲ್ಲದ ಗ್ರಾಫ್ ಕಂಡರೆ ಈ ಅಂಕಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ. ಹೊಂದಿದರೆ ಬಾಕ್ಸ್ ನಿರಪರಾಧಿ. ಫ್ರೀಕ್ವೆನ್ಸಿ ರೆಸ್ಪಾನ್ಸ್, ಅಂದರೆ ಯಾವ ಬ್ಯಾಂಡಿನಲ್ಲಿ ಎಷ್ಟು ಸದ್ದಿದೆ ಅಂತ ನೋಡಲು ಏನನ್ನೂ ಏರಿಸದ, ಇಳಿಸದ ಝಡ್-ವೇಟಿಂಗ್ ಬೇಕು. ಎ-ವೇಟಿಂಗ್ ಬೇಕಾಗುವುದು ರಾತ್ರಿ ಹತ್ತರ ಮೇಲೆ ಪೊಲೀಸರು ಬಂದು ಡಿಬಿ ಎಷ್ಟು ಅಂತ ಕೇಳಿದಾಗ. ವಸತಿ ಪ್ರದೇಶಕ್ಕೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಹಗಲಿಗೆ 55, ರಾತ್ರಿಗೆ 45 ಅಂತ ಹೇಳುವುದು ಎ-ವೇಟಿಂಗ್ ಲೆಕ್ಕದಲ್ಲೇ.

8,000 ಮತ್ತು 16,000ದಲ್ಲಿ ಕೆಲವು ಡಿಬಿ ಹೆಚ್ಚುಕಮ್ಮಿ ಕಂಡರೆ ಮೈಕ್ ಯಾವ ಕಡೆ ಮುಖ ಮಾಡಿದೆ ನೋಡಿ. ಅಳತೆ ಮೈಕುಗಳ ಜೊತೆ ಕೆಲವೊಮ್ಮೆ ಮೈಕಿನ ಏರುಪೇರು ಸರಿಪಡಿಸುವ ಎರಡು ಕ್ಯಾಲಿಬ್ರೇಶನ್ ಫೈಲ್ ಬರುತ್ತವೆ. ಒಂದು ಬಾಕ್ಸಿನ ಕಡೆ ನೆಟ್ಟಗೆ ತಿರುಗಿಸಿದಾಗ, ಇನ್ನೊಂದು ಸೂರಿನ ಕಡೆ ಮುಖ ಮಾಡಿದಾಗ. ಫೈಲ್ ಒಂದು, ಮೈಕಿನ ದಿಕ್ಕು ಇನ್ನೊಂದು ಆದರೆ ಮೇಲಿನ ಬ್ಯಾಂಡ್‌ಗಳು ಸುಳ್ಳು ಹೇಳುತ್ತವೆ. ಕೆಳಗೆ ವ್ಯತ್ಯಾಸವೇ ಇರುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಮೊಬೈಲ್ ಆ್ಯಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊಬೈಲ್ ಮೈಕ್ ಮಾತಿಗಾಗಿ ಮಾಡಿದ್ದು, ಅದರ ಬೇಸನ್ನು ಬೇಕಂತಲೇ ಕತ್ತರಿಸಿರುತ್ತಾರೆ. ಎಡ ಬಾಕ್ಸಿಗೂ ಬಲ ಬಾಕ್ಸಿಗೂ ಹೋಲಿಸಲು ಬಳಸಿ, ಅದಕ್ಕಿಂತ ಹೆಚ್ಚು ಕೇಳಬೇಡಿ.

ಇನ್ನೊಂದು ನಮ್ಮ ಊರಿನ ಮಾತು. ಏಪ್ರಿಲ್, ಮೇನಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾರಿನ ಡಿಕ್ಕಿಯಲ್ಲಿ ಬೆಂದ ಮೈಕನ್ನು ಹಾಗೇ ತಂದು ಹಚ್ಚಬೇಡಿ. ಹಾಲಿನೊಳಗೆ ಅರ್ಧ ಗಂಟೆ ತಣಿಯಲು ಬಿಡಿ. ಅಳತೆಯ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕ್ಯಾಲಿಬ್ರೇಟರ್ ಹಚ್ಚಿ. ಎರಡರ ನಡುವೆ ಅರ್ಧ ಡಿಬಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಅಳತೆ ಬಿಟ್ಟುಬಿಡಿ.

10 ಡಿಬಿ ಪರೀಕ್ಷೆ

ಒಂದೇ ಪರೀಕ್ಷೆಯಲ್ಲಿ ಅತಿ ಹೆಚ್ಚು ವಿಷಯ ಹೊರಬೀಳುವುದು ಇಲ್ಲಿ. ಮೊದಲು ನಾಯ್ಸ್ ಬಂದ್ ಮಾಡಿ, ಖಾಲಿ ಹಾಲಿನ ಸದ್ದನ್ನು ಬ್ಯಾಂಡ್ ಬ್ಯಾಂಡಾಗಿ ಬರೆದಿಟ್ಟುಕೊಳ್ಳಿ. ಆಮೇಲೆ ಪಿಂಕ್ ನಾಯ್ಸ್ ಬಿಟ್ಟು ಬರೆದುಕೊಳ್ಳಿ. ಮಿಕ್ಸರಿನಲ್ಲಿ 10 ಡಿಬಿ ಏರಿಸಿ, ಮತ್ತೆ ಬರೆದುಕೊಳ್ಳಿ. ಪ್ರತಿ ಕಂಬವೂ 10 ಡಿಬಿ ಏರಬೇಕು.

ಎಲ್ಲ ಕಂಬಗಳೂ ಒಂದೇ ಸಮ 3-4 ಡಿಬಿ ಮಾತ್ರ ಏರಿದರೆ ದಾರಿಯಲ್ಲಿ ಜೋರಾದ ಸದ್ದನ್ನು ತಡೆಯುವ ಯಾವುದೋ ಕಂಪ್ರೆಸರ್, ಲಿಮಿಟರ್ ಅಥವಾ ತಾನೇ ಗೇನ್ ಬದಲಿಸುವ ವ್ಯವಸ್ಥೆ ಕೂತಿದೆ. ಮೇಲಿನವು 10 ಏರಿ ಬೇಸ್ ಬ್ಯಾಂಡ್‌ಗಳು ಮಾತ್ರ 6-7ಕ್ಕೆ ನಿಂತರೆ ಆಂಪ್ಲಿಫೈಯರಿನ ಅಥವಾ ಪ್ರೊಸೆಸರಿನ ಬೇಸ್ ಲಿಮಿಟರ್ ಕೆಲಸ ಮಾಡುತ್ತಿದೆ, ಇಲ್ಲವೇ ಬೇಸ್ ಬಾಕ್ಸ್ ಅದರ ಮಿತಿಗೆ ಬಂದಿದೆ. ಆಗ ವಾಲ್ಯೂಮ್ ಇಳಿಸಿ ಅಳೆಯಿರಿ. ಒಂದೇ ಒಂದು ಕಂಬ ಜಾಗ ಬಿಟ್ಟು ಅಲ್ಲಾಡದಿದ್ದರೆ ಅದರಲ್ಲಿ ನಿಮ್ಮ ಸದ್ದಿಲ್ಲ, ಊರಿನ ಸದ್ದಿದೆ.

ನಮ್ಮ ಕಡೆ ಆ ಸದ್ದಿನ ಮೊದಲ ಆರೋಪಿ ಕೂಲರ್. ದೊಡ್ಡ ತಗಡಿನ ಕೂಲರಿನ ಮೋಟಾರ್ ನಿಮಿಷಕ್ಕೆ 1,400ರ ಆಸುಪಾಸು ಸುತ್ತುತ್ತದೆ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 23 ಸುತ್ತು. ಮೂರು ರೆಕ್ಕೆ ಇದ್ದರೆ ಸೆಕೆಂಡಿಗೆ 70 ಬಡಿತ, ಅಂದರೆ 70 ಹರ್ಟ್ಸ್. ಅದು ಬೀಳುವುದು 63ರ ಬ್ಯಾಂಡಿಗೆ. ಐದು ರೆಕ್ಕೆಯಾದರೆ 117, ಅದು 125ರ ಬ್ಯಾಂಡಿಗೆ. ತಾರಸಿ ಮುಟ್ಟಿದ್ದ ಆ 63ರ ಕಂಬ ನೆನಪಿದೆಯಲ್ಲ? ಇಕ್ಯೂನಲ್ಲಿ ಎಷ್ಟು ಕಡಿದರೂ ಅದು ಇಳಿಯುವುದಿಲ್ಲ, ಯಾಕಂದರೆ ಅದು ಬಾಕ್ಸಿನಿಂದ ಬರುತ್ತಿಲ್ಲ. ಕೂಲರ್ ಬಂದ್ ಮಾಡಿಸಿ. ಹಾಲಿನ ಮಾಲಕರು ಮುಖ ಸಿಂಡರಿಸುತ್ತಾರೆ, ಹತ್ತು ನಿಮಿಷ ಅಂತ ಹೇಳಿ ಒಪ್ಪಿಸಿ. ಸೀಲಿಂಗ್ ಫ್ಯಾನ್ ಕೂಡ ಆರಿಸಬೇಕು. ಅದರ ಸದ್ದಿಗಿಂತ ಅದರ ಗಾಳಿ ಮೈಕಿಗೆ ಬಡಿಯುವುದೇ ತೊಂದರೆ, 31.5 ಮತ್ತು 63 ಸುಳ್ಳೇ ಏರುತ್ತವೆ. ಮೈಕಿಗೆ ಸ್ಪಂಜಿನ ಚೆಂಡು ಹಾಕಿದಾಗ ಕಂಬ ಇಳಿದರೆ ಅದು ಗಾಳಿ. ಇಳಿಯದಿದ್ದರೆ ನಿಜವಾದ ಸದ್ದು.

ಎರಡನೆಯ ಆರೋಪಿ ಕರೆಂಟು. 50 ಹರ್ಟ್ಸಿನ ಹಮ್ 63ರ ಬ್ಯಾಂಡಿಗೆ ಬೀಳುತ್ತದೆ, 100 ಮತ್ತು 150 ಎರಡೂ 125ರ ಬ್ಯಾಂಡಿಗೆ. ಮೂರನೇ ಒಂದು ಆಕ್ಟೇವ್‌ಗೆ ಬದಲಿಸಿದರೆ 50, 100, 160ರ ಕಂಬಗಳು ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಹಮ್ ಹೋಯಿತೇ? ಅದು ಗ್ರೌಂಡ್ ಲೂಪ್ (ಎರಡು ಅರ್ಥಿಂಗ್ ದಾರಿ ಸೇರಿ ಹುಟ್ಟುವ ಹಮ್), ಅಳತೆಯ ದೋಷ. ಹೋಗಲಿಲ್ಲ, ಆದರೆ ಮೈಕ್ ಮುಚ್ಚಿದರೆ ಇಳಿಯುತ್ತದೆಯೇ? ಹಾಗಾದರೆ ಹಮ್ ಬಾಕ್ಸಿನಿಂದ ಅಥವಾ ಹೊರಗಿನ ಟ್ರಾನ್ಸ್‌ಫಾರ್ಮರಿನಿಂದ ನಿಜವಾಗಿಯೂ ಬರುತ್ತಿದೆ.

ಉಳಿದವು ಜಾಗಕ್ಕೆ ತಕ್ಕಂತೆ. ವಾಡಿ, ಶಹಾಬಾದ್ ಕಡೆ ಗೂಡ್ಸ್ ರೈಲು ಹಾಯುವಾಗ ಕೆಳಗಿನ ಎರಡು ಬ್ಯಾಂಡ್ ನಂಬುವ ಹಾಗಿಲ್ಲ. ಬೀದರಿನಲ್ಲಿ ವಾಯುಪಡೆಯ ತರಬೇತಿ ವಿಮಾನ ಮೇಲೆ ಬಂದರೆ ಎಲ್ಲ ಬ್ಯಾಂಡೂ ಹೋಯಿತು. ಅದು ಹೋಗುವವರೆಗೆ ಚಹಾ ಕುಡಿಯಿರಿ.

ಪೂರ್ತಿ ನಿಶ್ಶಬ್ದ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ನಿಮ್ಮ ನಾಯ್ಸ್ ಹಿನ್ನೆಲೆಗಿಂತ 10 ಡಿಬಿ ಮೇಲಿದ್ದರೆ ತಪ್ಪು ಅರ್ಧ ಡಿಬಿಯೊಳಗೆ. 6 ಡಿಬಿ ಮೇಲಿದ್ದರೆ ಓದಿದ ಅಂಕಿಯಿಂದ 1.3 ಕಳೆಯಿರಿ. 3 ಡಿಬಿ ಅಂತರಕ್ಕೆ ಇಳಿದರೆ 3 ಕಳೆಯಬೇಕು. ಲೆಕ್ಕದ ಪ್ರಕಾರ ಅದು ಸರಿ, ಆದರೆ ಅಂಥ ಅಂಕಿ ನೆಚ್ಚಿ ನಾನು ಯಾವ ತೀರ್ಮಾನಕ್ಕೂ ಬರುವುದಿಲ್ಲ. ಈ ಲೆಕ್ಕವನ್ನು ಪ್ರತಿ ಬ್ಯಾಂಡಿಗೂ ಬೇರೆಬೇರೆ ಮಾಡಬೇಕು. ಒಟ್ಟು ಡಿಬಿ ನೋಡಿ 'ಅಂತರ ಚೆನ್ನಾಗಿದೆ' ಅಂದುಕೊಂಡರೆ 63ರ ಬ್ಯಾಂಡ್ ಮೋಸ ಮಾಡುತ್ತದೆ.

ಮೈಕ್ ಸರಿಸಿ ನೋಡಿ

ಇಷ್ಟಾದ ಮೇಲೂ 125ರ ಗುಂಡಿ ಹಾಗೇ ಇದೆ ಅಂತಿಟ್ಟುಕೊಳ್ಳಿ. ಮೈಕನ್ನು ಅರ್ಧ ಮೀಟರ್ ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಿ. ಗುಂಡಿಯೂ ಸರಿದರೆ ಅಥವಾ ತುಂಬಿಕೊಂಡರೆ ಅದು ಪ್ರತಿಫಲನ. ಎಲ್ಲಿಟ್ಟರೂ ಅದೇ ಬ್ಯಾಂಡಿನಲ್ಲಿ ಅಷ್ಟೇ ಆಳ ಇದ್ದರೆ ಬಾಕ್ಸಿನದು.

ನಮ್ಮ ಹಾಲ್‌ಗಳಲ್ಲಿ ಪ್ರತಿಫಲನಕ್ಕೆ ಬರವಿಲ್ಲ. ನೆಲಕ್ಕೆ ಶಹಾಬಾದ್ ಫರಸಿ ಕಲ್ಲು, ಬಿದ್ದ ಸದ್ದನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಕೊಡುತ್ತದೆ. ಒಂದು ಲೆಕ್ಕ ನೋಡಿ. ಬಾಕ್ಸ್ 2 ಮೀಟರ್ ಎತ್ತರದಲ್ಲಿದೆ. ಮೈಕ್ 4 ಮೀಟರ್ ದೂರದಲ್ಲಿ, ಕೂತವರ ಕಿವಿಯ ಮಟ್ಟಕ್ಕೆ 1.2 ಮೀಟರ್ ಎತ್ತರದಲ್ಲಿದೆ. ನೇರ ದಾರಿ 4.08 ಮೀಟರ್. ಫರಸಿಗೆ ಬಡಿದು ಬರುವ ದಾರಿ 5.12 ಮೀಟರ್. ಸುಮಾರು 1.04 ಮೀಟರ್ ಹೆಚ್ಚು. ಸದ್ದಿನ ವೇಗ ಸೆಕೆಂಡಿಗೆ 350 ಮೀಟರ್ ಹಿಡಿದರೆ ಮೂರು ಮಿಲಿಸೆಕೆಂಡ್ ತಡ. ಆ ತಡಕ್ಕೆ ಸರಿಯಾಗಿ 168 ಹರ್ಟ್ಸಿನಲ್ಲಿ ಎರಡೂ ಅಲೆಗಳು ಎದುರುಬದುರಾಗಿ ಬಂದು ಒಂದನ್ನೊಂದು ನುಂಗುತ್ತವೆ. ಆ ಒಂದು ಜಾಗದಲ್ಲಿ ಗುಂಡಿ 13-14 ಡಿಬಿ ಆಳ. ಆಕ್ಟೇವ್ ಗ್ರಾಫಿನಲ್ಲಿ ಅಷ್ಟು ಕಾಣುವುದಿಲ್ಲ. ಬ್ಯಾಂಡ್ ಪೂರ್ತಿ ಸರಾಸರಿ ಆಗಿ 125ರಲ್ಲಿ ಸುಮಾರು 2 ಡಿಬಿ ಇಳಿಕೆ, ಕೆಳಗಿನ 63ರಲ್ಲಿ ಎರಡು ಅಲೆ ಕೂಡಿಕೊಂಡು ಸುಮಾರು 3 ಡಿಬಿ ಏರಿಕೆ. ಬಾಕ್ಸಿನಲ್ಲಿ ಏನೂ ದೋಷವಿಲ್ಲದೆ, ಬರೀ ನೆಲದಿಂದ 5 ಡಿಬಿಯ ಮೆಟ್ಟಿಲು!

ಖಚಿತ ಮಾಡಿಕೊಳ್ಳಲು ಮೈಕನ್ನು ಫರಸಿಯ ಮೇಲೆಯೇ ಮಲಗಿಸಿ. ಈಗ ನೇರ ಸದ್ದೂ ಪ್ರತಿಫಲನವೂ ಒಟ್ಟಿಗೇ ಮುಟ್ಟುತ್ತವೆ, ಮಟ್ಟ 6 ಡಿಬಿಯವರೆಗೆ ಏರುತ್ತದೆ, ಮೆಟ್ಟಿಲು ಹೋಗುತ್ತದೆ. ನಡುವೆ ಗಾದಿ ಹಾಸಿದರೆ ಆಗದೇ ಅಂತ ಕೇಳುತ್ತಾರೆ. ಗಾದಿ 2,000 ಹರ್ಟ್ಸಿನ ಮೇಲಿನದನ್ನು ಚೆನ್ನಾಗಿ ಹೀರುತ್ತದೆ. 168 ಹರ್ಟ್ಸಿನ ಅಲೆ ಎರಡು ಮೀಟರಿಗಿಂತ ಉದ್ದ, ಅದಕ್ಕೆ ಗಾದಿ ಲೆಕ್ಕಕ್ಕೇ ಇಲ್ಲ.

ಈ ಗುಂಡಿಯನ್ನು ಇಕ್ಯೂನಿಂದ ತುಂಬಬಾರದು. ಪಕ್ಕದ ಸಾಲಿನಲ್ಲಿ ಅದು ಬೇರೆ ಕಡೆ ಇರುತ್ತದೆ, ನೀವು ಏರಿಸಿದ 125 ಅಲ್ಲಿ ಗುಂಯ್ ಅನ್ನುತ್ತದೆ. ಹಾಲಿನಲ್ಲಿ ಆರೆಂಟು ಜಾಗದಲ್ಲಿ ಅಳೆದು ಸರಾಸರಿ ತೆಗೆಯಿರಿ. ಸರಾಸರಿಯಲ್ಲಿ ಉಳಿಯುವ ಗುಂಡಿಯನ್ನು ಮಾತ್ರ ಗಂಭೀರವಾಗಿ ನೋಡಿ. ಗುಮ್ಮಟದ ಕಟ್ಟಡಗಳಲ್ಲಂತೂ ಇನ್ನೂ ಜಾಸ್ತಿ ಜಾಗ ಬೇಕು. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯ ಹಾಗೆ ಸಾಲುಸಾಲು ಗುಮ್ಮಟ, ಕಮಾನು ಇರುವ ಕಡೆ ಸದ್ದು ಕೆಲವು ಜಾಗದಲ್ಲಿ ಒಟ್ಟುಗೂಡುತ್ತದೆ. ಒಂದು ಮೈಕ್ ಸ್ಥಾನ ಇಡೀ ಕಟ್ಟಡದ ಕಥೆ ಹೇಳುವುದಿಲ್ಲ.

ಸರಿಸಿದಾಗ ಬದಲಾದದ್ದು ನಿಜವಾದ ಬದಲಾವಣೆಯೇ, ಇಲ್ಲ ನಾಯ್ಸ್ ತಾನೇ ಕುಣಿಯುತ್ತಿದೆಯೇ ಅನ್ನುವುದೂ ಗೊತ್ತಿರಬೇಕು. 63ರ ಆಕ್ಟೇವನ್ನು ಒಂದೇ ಸೆಕೆಂಡ್ ಅಳೆದರೆ ಸುಮ್ನೆ 0.6-0.7 ಡಿಬಿ ಆಚೀಚೆ ಆಗುವುದು ಸಹಜ. 31.5ರ ಮೂರನೇ ಒಂದು ಆಕ್ಟೇವ್‌ಗೆ ಅದು 1.6 ಡಿಬಿ. ಬ್ಯಾಂಡ್ ಕಿರಿದಾದಷ್ಟೂ ಕಾಯಬೇಕು. 30 ಸೆಕೆಂಡ್ ಸರಾಸರಿ ತೆಗೆದರೆ ಎರಡೂ 0.3 ಡಿಬಿಯೊಳಗೆ ಬರುತ್ತವೆ. ಮೂರು ಸೆಕೆಂಡ್ ನೋಡಿ ತೀರ್ಪು ಕೊಡುವವರ ಜೊತೆ ವಾದ ಬೇಡ, ಗಡಿಯಾರ ತೋರಿಸಿ.

ಈಗ ಬಾಕ್ಸ್

ಈ ಹಂತಕ್ಕೆ ಬಂದಾಗ ಸೌಂಡ್ ಸಿಸ್ಟಮ್‌ನವರ ಜೊತೆ ಸ್ವಲ್ಪ ನಾಜೂಕಾಗಿ ಮಾತಾಡಬೇಕು. "ಬಾಕ್ಸ್ ಚಲೋ ಅದಾವ್ರಿ ಸರ, ನಿಮ್ಮ ಕಂಪ್ಯೂಟರೇ ತಪ್ಪು ತೋರಸ್ಲಿಕ್ಕತ್ತದ" ಅನ್ನುವುದು ಸಾಮಾನ್ಯ. "ಇರಲಿ ಕಾಕಾ, ಒಂದೊಂದೇ ಬಾಕ್ಸ್ ಹಚ್ಚಿ ನೋಡೋಣ್ರಿ" ಅಂದರೆ ಜಗಳವಿಲ್ಲದೆ ಕೆಲಸ ಆಗುತ್ತದೆ. ಮೇಲಿನ ತಪಾಸಣೆ ಮುಗಿಸಿದ್ದರೆ ಈಗ ನಿಮ್ಮ ಕಂಪ್ಯೂಟರ್ ಪರವಾಗಿ ನೀವು ಧೈರ್ಯವಾಗಿ ನಿಲ್ಲಬಹುದು.

ಮೈಕನ್ನು ಬಾಕ್ಸಿಗೆ 1 ಮೀಟರ್ ಹತ್ತಿರ ತನ್ನಿ. ಮೊದಲು ಬೇಸ್ ಬಾಕ್ಸ್ ಮಾತ್ರ, ಆಮೇಲೆ ಟಾಪ್ (ಬೇಸಿನ ಮೇಲಿನ ಸದ್ದು ಕೊಡುವ ಬಾಕ್ಸ್) ಮಾತ್ರ, ಆಮೇಲೆ ಎರಡೂ. ಎರಡೂ ಕೂಡುವ ಕ್ರಾಸ್‌ಓವರ್ 100 ಹರ್ಟ್ಸ್ ಇದ್ದರೆ 63 ಮತ್ತು 125ರ ಬ್ಯಾಂಡ್ ನೋಡಿ. ಮೂರನೇ ಒಂದು ಆಕ್ಟೇವ್‌ನಲ್ಲಿ 100ರ ಕಂಬ ಇನ್ನೂ ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಒಂದೊಂದೇ 80 ಡಿಬಿ ಕೊಡುತ್ತಿದ್ದರೆ, ಎರಡೂ ಸರಿಯಾಗಿ ಕೂಡಿದಾಗ 86ರ ಹತ್ತಿರ ಬರಬೇಕು. 83 ಬಂದರೆ ಟೈಮಿಂಗ್ ಸರಿಯಾಗಿಲ್ಲ. 80ಕ್ಕಿಂತ ಕಡಿಮೆ ಬಂದರೆ ಎರಡೂ ಒಂದನ್ನೊಂದು ತಿನ್ನುತ್ತಿವೆ. ಒಂದರ ಪೊಲಾರಿಟಿ ಉಲ್ಟಾ ಮಾಡಿ, ಅಂದರೆ ಪ್ಲಸ್ ಮೈನಸ್ ಅದಲುಬದಲು. ಗುಂಡಿ ತುಂಬಿಕೊಂಡರೆ ದೋಷ ಸಿಕ್ಕಿತು. ಕೇಬಲ್ ರಿಪೇರಿ ಮಾಡುವಾಗ ಬೆಸುಗೆ ತಿರುಗಾ ಆಗಿರುವುದು ಇದಕ್ಕೆ ದೊಡ್ಡ ಕಾರಣ. ಪೊಲಾರಿಟಿ ಬದಲಿಸಿದರೂ ತುಂಬದಿದ್ದರೆ ಡಿಲೇ (ಒಂದು ಬಾಕ್ಸಿನ ಸದ್ದನ್ನು ತಡಮಾಡಿ ಬಿಡುವ ಸೆಟ್ಟಿಂಗ್) ನೋಡಬೇಕು. ಡಿಲೇ ಬಗ್ಗೆ ಇನ್ನೊಂದು ಮಾತು: 20 ಡಿಗ್ರಿಯಲ್ಲಿ ಸದ್ದಿನ ವೇಗ 343 ಮೀಟರ್, 42 ಡಿಗ್ರಿಯಲ್ಲಿ 356. ಇಪ್ಪತ್ತು ಮೀಟರ್ ಹಿಂದಿನ ಡಿಲೇ ಬಾಕ್ಸಿಗೆ ಚಳಿಗಾಲದಲ್ಲಿ ಇಟ್ಟ ಲೆಕ್ಕ ಬೇಸಿಗೆಯಲ್ಲಿ ಎರಡು ಮಿಲಿಸೆಕೆಂಡಿಗೂ ಜಾಸ್ತಿ ತಪ್ಪುತ್ತದೆ.

ಮೇಲಿನ ಸದ್ದು ಕೊಡುವ ಹಾರ್ನ್ ಯೂನಿಟ್ ಸುಟ್ಟರೆ ಗ್ರಾಫ್ ಬಹಳ ಸ್ಪಷ್ಟ. 1,000ದವರೆಗೆ ಸರಿ, 2,000ದಲ್ಲಿ ಜಾರಿ, 4,000 ಮತ್ತು 8,000 ಪಾತಾಳಕ್ಕೆ. ಎಡ ಬಲ ಎರಡೂ ಬಾಕ್ಸ್ ಒಟ್ಟಿಗೆ ಓಡುತ್ತಿದ್ದರೆ ಇದು ಮುಚ್ಚಿಹೋಗುತ್ತದೆ, ಬರೀ 3-4 ಡಿಬಿ ಇಳಿಕೆಯಾಗಿ ಕಾಣುತ್ತದೆ. ಅದಕ್ಕೇ ಒಂದೊಂದೇ ಹಚ್ಚಿ ಅಂದದ್ದು. ಅನುಮಾನ ಬಂದ ಬಾಕ್ಸಿನ ಆಂಪ್ಲಿಫೈಯರ್ ಬಂದ್ ಮಾಡಿ, ಯೂನಿಟ್ಟಿನ ವೈರ್ ಬಿಚ್ಚಿ, ಮಲ್ಟಿಮೀಟರ್ ಹಚ್ಚಿ. 8 ಓಮ್ ಯೂನಿಟ್ ಆರರ ಆಸುಪಾಸು ತೋರಿಸಬೇಕು. ಮೀಟರ್ ಅಲ್ಲಾಡದಿದ್ದರೆ ಕಾಯಿಲ್ ಕಟ್ಟಾಗಿದೆ. ಓಮ್ ಸರಿ ಇದ್ದೂ 8,000 ಮಾತ್ರ ಕಡಿಮೆ ಅಂದರೆ ಡಯಾಫ್ರಾಂ ಬಿರುಕು ಬಿಟ್ಟಿರಬಹುದು, ಅಥವಾ ಮೊದಲು ಯಾರೋ ಅಗ್ಗದ್ದು ಹಾಕಿದ್ದಾರೆ.

ಉಳಿದದ್ದು ಹಾಲಿನ ಪಾಲು

1 ಮೀಟರಿನಲ್ಲಿ ಗ್ರಾಫ್ ಚೆನ್ನಾಗಿದೆ, ಹತ್ತನೇ ಸಾಲಿನಲ್ಲಿ ಕೆಟ್ಟಿದೆ. ಹಾಗಾದರೆ ಬಾಕ್ಸಿನವರನ್ನು ಬಿಟ್ಟುಬಿಡಿ. ಹಿಂದಿನ ಸಾಲಿನಲ್ಲಿ 8,000 ಎರಡು ಡಿಬಿ ಇಳಿದಿದ್ದರೆ ಅದನ್ನು ದೋಷ ಅನ್ನಬೇಡಿ, ಗಾಳಿಯೇ ಅದನ್ನು ಹೀರುತ್ತದೆ. 20 ಡಿಗ್ರಿ, ನೂರಕ್ಕೆ 70 ತೇವ ಇರುವ ಗಾಳಿಯಲ್ಲಿ 8,000 ಹರ್ಟ್ಸಿಗೆ ಕಿಲೋಮೀಟರಿಗೆ 77 ಡಿಬಿ ನಷ್ಟ, 30 ಮೀಟರಿಗೆ 2.3. ತಾಪ, ತೇವ ಬದಲಾದ ಹಾಗೆ ಇದೂ ಬದಲಾಗುತ್ತದೆ.

ನಿಜವಾದ ತೊಂದರೆ ಪ್ರತಿಧ್ವನಿ. 24 ಮೀಟರ್ ಉದ್ದ, 12 ಅಗಲ, 5 ಎತ್ತರದ ಹಾಲ್ ತೆಗೆದುಕೊಳ್ಳಿ. ಒಳಗಿನ ಗಾತ್ರ 1,440 ಘನ ಮೀಟರ್, ನೆಲ ಗೋಡೆ ಸೂರು ಸೇರಿ 936 ಚದರ ಮೀಟರ್. ಫರಸಿ, ಪ್ಲಾಸ್ಟರ್, ಕಿಟಕಿ ಎಲ್ಲ ಸೇರಿ ಸರಾಸರಿ ನೂರಕ್ಕೆ 5ರಷ್ಟು ಹೀರುತ್ತವೆ ಅಂತ ಹಿಡಿದರೆ, ಸಬೈನ್ ಸೂತ್ರದ ಪ್ರಕಾರ ಸದ್ದು 60 ಡಿಬಿ ಇಳಿಯಲು ಸುಮಾರು 5 ಸೆಕೆಂಡ್ ಬೇಕು. ಅದೇ ಹಾಲಿನಲ್ಲಿ 300 ಜನ ಬಂದು ಕೂತರೆ, ಒಬ್ಬರಿಗೆ 0.45 ಚದರ ಮೀಟರಿನಷ್ಟು ಹೀರಿಕೆ ಸೇರಿಸಿ, ಅದು 1.3 ಸೆಕೆಂಡಿಗೆ ಇಳಿಯುತ್ತದೆ. ಖಾಲಿ ಹಾಲಿನಲ್ಲಿ ಗುಂಯ್ ಅನ್ನುತ್ತಿದ್ದ 500, 1,000, 2,000ದ ಬ್ಯಾಂಡ್‌ಗಳು ಜನ ತುಂಬಿದ ಮೇಲೆ ಕೆಲವು ಡಿಬಿ ತಾವಾಗಿಯೇ ಇಳಿಯುತ್ತವೆ. ಮಧ್ಯಾಹ್ನ ಖಾಲಿ ಹಾಲಿನಲ್ಲಿ ಅವನ್ನು ಇಕ್ಯೂನಲ್ಲಿ ಕಡಿದಿಟ್ಟರೆ ಸಂಜೆ ಮದುವೆಯಲ್ಲಿ ಮಾತೇ ಕೇಳಿಸದು.

ಆದ್ದರಿಂದ ಹಾಲ್ ಖಾಲಿಯಿದ್ದಾಗ ಇಕ್ಯೂನಿಂದ 63ರಿಂದ 250ರವರೆಗಿನ ಏರಿಕೆಯನ್ನು ಮಾತ್ರ ಸ್ವಲ್ಪ ತಗ್ಗಿಸಿ. ಜನ ಮೇಲಿನ ಬ್ಯಾಂಡ್‌ಗಳನ್ನು ಹೀರುವಷ್ಟು ಅವನ್ನು ಹೀರುವುದಿಲ್ಲ. ಬಾಕ್ಸುಗಳನ್ನು ಎದುರು ಗೋಡೆಗೆ ನೆಟ್ಟಗೆ ಇಡುವ ಬದಲು ಜನ ಕೂರುವ ಕಡೆಗೆ ಬಗ್ಗಿಸಿ. ಮಾಲಕರು ಖರ್ಚಿಗೆ ಒಪ್ಪಿದರೆ ಹಿಂದಿನ ಗೋಡೆಗೆ ನೆರಿಗೆ ಹಾಕಿದ ದಪ್ಪ ಪರದೆ, ಗೋಡೆಯಿಂದ ಒಂದು ಗೇಣು ಬಿಟ್ಟು. ಗೋಡೆಗೆ ಅಂಟಿಸಿ ಕಟ್ಟಿದರೆ 500ರ ಕೆಳಗೆ ಅದರಿಂದ ಹೆಚ್ಚು ಲಾಭವಿಲ್ಲ.